ಅಂಕದಲ್ಲಿ ಬೆರಳಿನ ಪಾಲೆಷ್ಟು, ಬುದ್ಧಿಯ ಪಾಲೆಷ್ಟು?

ಹಿರಿಯರ ನೆನಪು, ಗಮನಗಳನ್ನು ಪರೀಕ್ಷಿಸುವುದು ಮನಶ್ಶಾಸ್ತ್ರಜ್ಞೆಯಾದ ನನ್ನ ನಿತ್ಯದ ಕೆಲಸ. ಕಾಗದ, ಪೆನ್ಸಿಲಿನ ಪರೀಕ್ಷೆಗಳ ಜೊತೆಗೆ ಕೆಲವು ವರ್ಷಗಳಿಂದ ಮೊಬೈಲ್ ಆಟಗಳನ್ನೂ ಬಳಸುತ್ತಿದ್ದೇನೆ. ಪರೀಕ್ಷೆ ಎಂದೊಡನೆ ಮುದುಡುವವರು ಆಟವೆಂದರೆ ತಾವಾಗಿಯೇ ಕೈ ಚಾಚುತ್ತಾರೆ.

ಒಂದು ಆಟದಲ್ಲಿ ಬಿಲದಿಂದ ಇಲಿ ತಲೆಯೆತ್ತಿದರೆ ಮುಟ್ಟಬೇಕು, ಮೊಲ ಬಂದರೆ ಸುಮ್ಮನಿರಬೇಕು. ಮೊಲವನ್ನು ಎಷ್ಟು ಸಲ ಮುಟ್ಟಿದರು ಎಂಬುದರಿಂದ ಕೈ ತಡೆಯುವ ಹಿಡಿತ ತಿಳಿಯುತ್ತದೆ. ಇನ್ನೊಂದರಲ್ಲಿ ಚೌಕಗಳು ಒಂದೊಂದಾಗಿ ಬೆಳಗುತ್ತವೆ. ಅದೇ ಕ್ರಮದಲ್ಲಿ ಮುಟ್ಟಬೇಕು. ಮರದ ತುಂಡುಗಳನ್ನು ತಟ್ಟಿ ನಡೆಸುವ ಕೋರ್ಸಿ ಪರೀಕ್ಷೆಯೇ ಇಲ್ಲಿ ಪರದೆಗೆ ಬಂದಿದೆ.

ನಾನು ಮೊದಲು ನೋಡುವುದು ಬೆರಳನ್ನು. ವಯಸ್ಸಾದವರ ಬೆರಳ ತುದಿ ಒಣಗಿದ್ದರೆ ಪರದೆ ಸ್ಪರ್ಶವನ್ನೇ ಗುರುತಿಸದಿರಬಹುದು. ಹಿರಿಯರೊಬ್ಬರು ಸರಿಯಾದ ಚೌಕವನ್ನೇ ಮುಟ್ಟಿದರು, ಪರದೆ ಮಿಸುಕಲಿಲ್ಲ. ಮತ್ತೆ ಬಲವಾಗಿ ಒತ್ತಿದರು. ಅಷ್ಟರಲ್ಲಿ ಮುಂದಿನ ಚೌಕ ಮರೆತುಹೋಯಿತು, ಆಟ ಅದನ್ನು ನೆನಪಿನ ತಪ್ಪೆಂದು ದಾಖಲಿಸಿತು. ಒದ್ದೆ ಬಟ್ಟೆಗೆ ಬೆರಳು ತಾಗಿಸಿ ಆಡಿದಾಗ ಅವರೇ ಐದು ಚೌಕಗಳವರೆಗೆ ತಡವರಿಸದೆ ಹೋದರು.

ಹಾಗಾಗಿ ನೆನಪಿನ ಹಂಗಿಲ್ಲದ ಸುತ್ತೊಂದನ್ನು ಮೊದಲು ಆಡಿಸುತ್ತೇನೆ: ಬೆಳಗಿದ ಚೌಕವನ್ನು ಮುಟ್ಟಿದರೆ ಸಾಕು. ಅದರ ವೇಗವನ್ನು ಗುರುತು ಹಾಕಿಕೊಂಡು, ಮುಂದಿನ ಅಂಕಗಳನ್ನು ಅದಕ್ಕೆ ಹೋಲಿಸಿ ಓದುತ್ತೇನೆ. 2016ರಲ್ಲಿ ಬಂದ, ನಲವತ್ತು ಲಕ್ಷಕ್ಕೂ ಹೆಚ್ಚು ಜನ ಆಡಿದ ‘ಸೀ ಹೀರೋ ಕ್ವೆಸ್ಟ್’ ಆಟದ ಸಂಶೋಧಕರೂ ಹೀಗೆಯೇ ಮಾಡಿದರು. ದಾರಿ ಹುಡುಕುವ ಸಾಮರ್ಥ್ಯವನ್ನು ಅಳೆಯುವಾಗ, ದಿಕ್ಕಿನ ಅರಿವು ಬೇಕಿಲ್ಲದ ಆರಂಭದ ಹಂತಗಳನ್ನು ಆಟದ ಕೈಚಳಕದ ಅಳತೆಯಾಗಿ ಬಳಸಿಕೊಂಡರು. ಈ ಎಚ್ಚರವಿಲ್ಲದೆ ಬರೀ ಒಟ್ಟು ಅಂಕ ತೋರಿಸುವ ಆಟಗಳನ್ನು ನಾನು ಕೈಗೆತ್ತಿಕೊಳ್ಳುವುದಿಲ್ಲ.

ಆಡುತ್ತ ಆಡುತ್ತ ಅಂಕ ಏರುವುದು ಸಹಜ, ಅದು ರೂಢಿಯ ಫಲ. ಮೊದಲ ಭೇಟಿಯ ಅಂಕಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಫೋನು ಬದಲಾದರೆ ಸ್ಪಂದನೆಯ ವೇಗವೂ ಬದಲಾಗುತ್ತದೆ, ಆದ್ದರಿಂದ ಯಾವಾಗಲೂ ಒಂದೇ ಫೋನು, ಆದಷ್ಟು ಒಂದೇ ಹೊತ್ತು.

ಅಂಕ ಸತತವಾಗಿ ಇಳಿದರೂ ಮರೆವಿನ ಕಾಯಿಲೆ ಎಂಬ ಮಾತನ್ನು ಬಾಯಿಗೆ ತರುವುದಿಲ್ಲ. ನಿದ್ರೆ, ಕನ್ನಡಕ, ಹೊಸ ಮಾತ್ರೆಗಳ ಬಗ್ಗೆ ವಿಚಾರಿಸುತ್ತೇನೆ. ಅಲರ್ಜಿಯ ಕೆಲವು ಮಾತ್ರೆಗಳೂ ಗಮನವನ್ನು ಮಂಕಾಗಿಸುತ್ತವೆ. ಇವೆಲ್ಲ ಸರಿಯಿದ್ದೂ ಇಳಿಕೆ ನಿಲ್ಲದಿದ್ದರೆ ಪೂರ್ಣ ಪರೀಕ್ಷೆ ನಡೆಸಿ, ನರರೋಗ ತಜ್ಞರಿಗೆ ಪತ್ರ ಕೊಟ್ಟು ಕಳುಹಿಸುತ್ತೇನೆ. ಆ ಪತ್ರದಲ್ಲಿ ಆಟದ ದಾಖಲೆಯ ಜೊತೆಗೆ ಬೆರಳಿನ ವೇಗವನ್ನೂ ತಪ್ಪದೆ ಬರೆಯುತ್ತೇನೆ.