ಹೊಸಬರ ಪಕ್ಕ ಯಾರು ಕೂರಬೇಕು: ನಮ್ಮ ಇಗರ್ಜಿಯಲ್ಲಿ ನಾನು ಕಲಿತದ್ದು

ನಮ್ಮ ಕಥೋಲಿಕ ಇಗರ್ಜಿಯ, ಅಂದರೆ ಚರ್ಚಿನ, ಭಾನುವಾರದ ಕನ್ನಡ ಪೂಜೆಗೆ ಈಗ ಏನಿಲ್ಲವೆಂದರೂ ಏಳೆಂಟು ಹೊಸ ಮುಖ ಬರುತ್ತವೆ. ಡಿಸೆಂಬರ್ ರಜೆಯಲ್ಲಿ, ಮುರ್ಡೇಶ್ವರ ಗೋಕರ್ಣ ಅಂತ ಜನ ಓಡಾಡುವ ಹೊತ್ತಿನಲ್ಲಿ, ಇಪ್ಪತ್ತು ದಾಟುವುದೂ ಉಂಟು. ಬಂದವರು ಕೊನೆಯ ಹಾಡಿನವರೆಗೂ ಕೂರುತ್ತಾರೆ. ನನಗೆ ಅದೇ ದೊಡ್ಡ ವಿಷಯ. ನಾಲ್ಕು ವರ್ಷದ ಹಿಂದೆ ನಾನು ಬಾಗಿಲಲ್ಲಿ ನಿಂತು ಸುಮ್ನೆ ಎಣಿಸುತ್ತಿದ್ದೆ. ಹತ್ತು ಹೊಸಬರಲ್ಲಿ ಆರು ಮಂದಿ ಪರಮ ಪ್ರಸಾದದ ಹೊತ್ತಿಗೆ, ಅಂದರೆ ಕ್ರಿಸ್ತರ ಶರೀರವೆಂದು ನಾವು ನಂಬುವ ರೊಟ್ಟಿ ಕೊಡುವ ಹೊತ್ತಿಗೆ, ಮೆಲ್ಲಗೆ ಎದ್ದು ಹೊರಗೆ ಹೋಗುತ್ತಿದ್ದರು.

ಹೊನ್ನಾವರ ಕಡೆಯ ಒಂದು ಸಣ್ಣ ಧರ್ಮಕೇಂದ್ರ ನಮ್ಮದು. ಬೆಳಿಗ್ಗೆ ಏಳಕ್ಕೆ ಕೊಂಕಣಿ ಮೀಸ್ (ಪೂಜೆ), ಒಂಬತ್ತಕ್ಕೆ ಕನ್ನಡ ಪೂಜೆ. ನಾನು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿ ನಿವೃತ್ತನಾದವನು. ಹನ್ನೊಂದು ವರ್ಷದಿಂದ ಬಾಗಿಲಲ್ಲಿ ನಿಂತು ಜನರನ್ನು ಕೂರಿಸುವ ಕೆಲಸ ಮಾಡುತ್ತಿದ್ದೇನೆ. ಇದನ್ನು ಓದುವ ನೀವೂ ಇಂಥದೇ ಕೆಲಸದವರು ಅಂದುಕೊಂಡಿದ್ದೇನೆ. ಬೈಬಲ್ ವಾಚನ ಮಾಡುವವರು, ಗಾನವೃಂದದವರು, ಕಾಣಿಕೆ ಚೀಲ ಹಿಡಿಯುವವರು. ಪೂಜೆಯ ಕ್ರಮ ನಿಮಗೆ ಬಾಯಿಪಾಠ, ಅದನ್ನು ನಾನು ಹೇಳಬೇಕಿಲ್ಲ. ನನ್ನ ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹೇಳುತ್ತೇನೆ. ನಿಮ್ಮದು ಉಳಿದೀತು.

ಇದೆಲ್ಲ ಶುರುವಾದದ್ದು ಒಂದು ನೋವಿನಿಂದ. ನಮ್ಮ ಗದ್ದೆಯ ಪಕ್ಕದ ಗದ್ದೆಯವರು ಒಬ್ಬರು ಇದ್ದಾರೆ. ಹಿಂದೂಗಳು, ನನಗಿಂತ ಎರಡು ವರ್ಷ ದೊಡ್ಡವರು, ನಾನು ಅಣ್ಣ ಅಂತಲೇ ಕರೆಯುವುದು. ನನ್ನ ಮಗಳ ಮದುವೆಯ ಮುಂಚಿನ ಭಾನುವಾರ ನಾನೇ ಅವರನ್ನು ಕರೆದೆ. ಬಂದರು. ಬಿಳಿ ಪಂಚೆ, ಇಸ್ತ್ರಿ ಹಾಕಿದ ಅಂಗಿ. ಧ್ವನಿವರ್ಧಕದಲ್ಲಿ "ಪರಮ ಪ್ರಸಾದ ಸ್ವೀಕರಿಸುವವರು ಮುಂದೆ ಬನ್ನಿ" ಅಂದರು. ಅಣ್ಣ ಎದ್ದು ಸಾಲಿನಲ್ಲಿ ನಿಂತರು. ಬಲಗೈ ಮೇಲೆ ಮಾಡಿ, ಎಡಗೈ ಅದರ ಕೆಳಗೆ ಹಿಡಿದು, ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಳ್ಳುವ ಹಾಗೆ ಬೆರಳು ಬಾಗಿಸಿಕೊಂಡು ಮುಂದೆ ಹೋದರು. ಅವತ್ತು ಪ್ರಸಾದ ಕೊಡಲು ನಿಂತಿದ್ದವರು ಒಂದು ಕ್ಷಣ ತಡವರಿಸಿ, ತಲೆ ಅಲ್ಲಾಡಿಸಿ, ಪಕ್ಕಕ್ಕೆ ಹೋಗಿ ಅಂತ ಕೈ ತೋರಿಸಿದರು. ಅಷ್ಟೂ ಜನರ ಮುಂದೆ ಅಣ್ಣ ಬರಿಗೈಯಲ್ಲಿ ವಾಪಸ್ ನಡೆದು ಬಂದರು. ಆ ಕೈ ಇನ್ನೂ ಹಾಗೇ ಬಾಗಿಕೊಂಡಿತ್ತು. ನಾನು ನೋಡಿದೆ.

ಕೊಡಲು ನಿಂತಿದ್ದವರದು ತಪ್ಪಲ್ಲ. ಪರಮ ಪ್ರಸಾದ ಕಥೋಲಿಕರಿಗೆ ಮಾತ್ರ, ನಿಯಮ ನಿಯಮವೇ. ತಪ್ಪು ನನ್ನದು. ಕರೆದವನು ನಾನು, ಮೊದಲೇ ಹೇಳಬೇಕಾದವನೂ ನಾನು. ಆಮೇಲೆ ಅಣ್ಣ ಇಗರ್ಜಿಯ ಒಳಗೆ ಕಾಲಿಡಲಿಲ್ಲ. ಮದುವೆಗೂ ಊಟಕ್ಕೆ ಮಾತ್ರ ಬಂದರು.

ಮೊದಲು ಪುಸ್ತಕ ಮಾಡಿಸಿದೆ. ಮಾಸ್ತರನ ಬುದ್ಧಿ ಅಲ್ವಾ, ಎಲ್ಲದಕ್ಕೂ ಪುಸ್ತಕ. ಹದಿನಾರು ಪುಟ, ಇಡೀ ಪೂಜೆಯ ಪಠ್ಯ, ಎಲ್ಲಿ ನಿಲ್ಲಬೇಕು, ಎಲ್ಲಿ ಮೊಣಕಾಲೂರಬೇಕು, ಎಲ್ಲ. ಮುನ್ನೂರು ಪ್ರತಿಗೆ ಸುಮಾರು ಏಳು ಸಾವಿರ ಆಯಿತು, ಅರ್ಧ ನನ್ನ ಕೈಯಿಂದ. ಹೊಸಬರು ತಲೆ ತಗ್ಗಿಸಿ ಪುಟ ಹುಡುಕುವುದರಲ್ಲೇ ಒಂದು ಗಂಟೆ ಕಳೆದರು. ಬಲಿಪೀಠದ ಕಡೆ ನೋಡಿದವರೇ ಇಲ್ಲ. ಜೂನ್ ಬಂತು, ನಮ್ಮ ಮಳೆ ನಿಮಗೆ ಗೊತ್ತು. ಜುಲೈ ಮುಗಿಯುವಷ್ಟರಲ್ಲಿ ಪುಟಗಳು ಒಂದಕ್ಕೊಂದು ಅಂಟಿ ಬೂಷ್ಟು ಹಿಡಿಯಿತು. ಉಳಿದ ನೂರು ಚಿಲ್ಲರೆ ಪ್ರತಿ ಈಗಲೂ ಸಾಮಾನು ಕೋಣೆಯಲ್ಲಿವೆ.

ಆಮೇಲೆ ಪರದೆ. ಯುವಕರು ಪ್ರೊಜೆಕ್ಟರ್ ತರೋಣ ಅಂದರು. ಹಳೆಯದೊಂದು ಹದಿನೆಂಟು ಸಾವಿರಕ್ಕೆ ಸಿಕ್ಕಿತು, ಪರದೆಗೆ ಮತ್ತೆ ಮೂರು. ನಮ್ಮ ಇಗರ್ಜಿಯ ಕಿಟಕಿಗಳು ದೊಡ್ಡವು, ಒಂಬತ್ತು ಗಂಟೆಗೆ ಪೂರ್ವದ ಬಿಸಿಲು ನೇರ ಪರದೆಗೇ ಹೊಡೆಯುತ್ತದೆ. ಅಕ್ಷರ ಕಾಣುವುದಿಲ್ಲ. ಪರದೆ ಕಟ್ಟಿಸಿದ್ದು ನೀಟಾಗಿ ಸಂತರ ಮೂರ್ತಿಗೆ ಅಡ್ಡವಾಗಿ, ಅದಕ್ಕೆ ಹಿರಿಯರಿಗೆ ಸಿಟ್ಟು. ಕರೆಂಟ್ ಹೋದ ದಿನ ಎಲ್ಲರೂ ಒಟ್ಟಿಗೆ ಮೂಕರು. ಎಂಟು ತಿಂಗಳು ನೋಡಿ, ಒಂಬತ್ತು ಸಾವಿರಕ್ಕೆ ಮಾರಿಬಿಟ್ಟೆವು. ಪಾಲನಾ ಮಂಡಳಿಯಲ್ಲಿ ನನ್ನ ಮಾತಿಗೆ ಆಮೇಲೆ ಒಂದು ವರ್ಷ ಬೆಲೆ ಇರಲಿಲ್ಲ.

ಮೈಕಿನಲ್ಲಿ ಪ್ರಕಟಣೆ ಮಾಡಿ ನೋಡಿದೆವು. "ಕಥೋಲಿಕರಲ್ಲದವರು ದಯವಿಟ್ಟು ತಮ್ಮ ಸ್ಥಳದಲ್ಲೇ ಕುಳಿತಿರಿ." ಸರಿಯಾದ ಮಾತೇ. ಆದರೆ ಹೇಳಿದ ಕೂಡಲೇ ಇಡೀ ಇಗರ್ಜಿ ತಿರುಗಿ ಹೊಸಬರನ್ನು ನೋಡುತ್ತದೆ. ಎದ್ದು ಹೋಗುವವರು ಆರಿದ್ದದ್ದು ಎಂಟಾಯಿತು.

ಆಗ ನನಗೆ ಹೊಳೆದದ್ದು, ನಮ್ಮ ಶಬ್ದಗಳಲ್ಲೇ ತೊಡಕಿದೆ. ಕನ್ನಡದಲ್ಲಿ ಪ್ರಸಾದ ಅಂದರೆ ಬಂದವರಿಗೆಲ್ಲ ಕೊಡುವುದು, ಬೇಡ ಅಂದರೆ ದೇವರಿಗೆ ಅವಮಾನ. ನಾವು ಅದೇ ಶಬ್ದ ಇಟ್ಟುಕೊಂಡು, ನಿಮಗಿಲ್ಲ ಅಂದರೆ ಯಾರಿಗೆ ಅರ್ಥವಾಗಬೇಕು? ಇನ್ನೊಂದು, ಬಲಿಪೂಜೆ, ನಮ್ಮ ಪೂಜೆಗೆ ನಾವು ಹೇಳುವ ಹೆಸರು. ಕುಮಟಾದಿಂದ ಬಂದಿದ್ದ ಒಬ್ಬ ತಾಯಿ ಬಾಗಿಲಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಬಲಿ ಒಳಗೇ ಕೊಡ್ತೀರಾ ಮಾಸ್ತರೇ? ಮಕ್ಕಳು ಹೆದರ್ತಾವೆ" ಅಂತ ಕೇಳಿದರು. ನಿಜವಾದ ಆತಂಕ. ನಮ್ಮ ಕರಾವಳಿಯಲ್ಲಿ ಬಲಿ ಅಂದರೆ ಕೋಳಿ, ಕುರಿ. ಅವರಿಗೆ ಹೇಗೆ ಗೊತ್ತಾಗಬೇಕು, ನಾವು ಹೇಳುವುದು ಕ್ರಿಸ್ತರು ತಮ್ಮನ್ನೇ ಕೊಟ್ಟುಕೊಂಡದ್ದನ್ನು ಅಂತ. ಅವತ್ತಿನಿಂದ ಬಾಗಿಲಲ್ಲಿ ನಾನು ಬರೀ ಪೂಜೆ ಅನ್ನುತ್ತೇನೆ. ಫಾದರ್ ಒಪ್ಪಿದರು.

ಈಗ ಕೆಲಸ ಮಾಡಿದ ಕ್ರಮ. ಹೊಸಬರ ಪಕ್ಕದಲ್ಲಿ ನಮ್ಮವರು ಒಬ್ಬರು ಕೂರುವುದು. ಇಷ್ಟೇ. ಹೇಳಿದಾಗ ಮಂಡಳಿಯ ಹಿರಿಯರೊಬ್ಬರು, "ಪಕ್ಕ ಕೂತು ಉಪಚಾರ ಮಾಡೋಕೆ ಇದೇನು ಮದುವೆ ಮನೆಯಾ?" ಅಂದರು. ಮೂರು ತಿಂಗಳು ಕೊಡಿ ಅಂದೆ.

ಮೊದಲ ತಿಂಗಳು ಅದೂ ಸೋತಿತು. ಉತ್ಸಾಹ ಜಾಸ್ತಿ ಇರುವವರನ್ನು ಆರಿಸಿದ್ದೆ. ಒಬ್ಬರಂತೂ ಹುಬ್ಬಳ್ಳಿಯಿಂದ ಬಂದ ಗಂಡ ಹೆಂಡತಿಗೆ ಒಂದು ಗಂಟೆ ಪೂರ್ತಿ ಕಿವಿಯಲ್ಲಿ ವಿವರಣೆ ಕೊಟ್ಟರು. ಯಾಜಕರ ಹಸಿರು ಮೇಲುಡುಪು ಯಾಕೆ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ನೇರಳೆ ಯಾಕೆ, ಕ್ರಿಸ್ಮಸ್ಸಿಗೆ ಬಿಳಿ ಯಾಕೆ ಅಂತ. ಎಲ್ಲ ಸರಿಯಾದ ಮಾಹಿತಿ. ಪಾಪ, ಆ ದಂಪತಿಗೆ ಒಂದು ಹಾಡೂ ಕೇಳಿಸಲಿಲ್ಲ.

ಮಾತು ಕಡಿಮೆ ಇರುವವರನ್ನು ಹುಡುಕಿದೆ. ಈಗ ಒಂಬತ್ತು ಮಂದಿ ಇದ್ದಾರೆ, ಏಳು ಜನ ಹೆಂಗಸರು. ಜಾಸ್ತಿ ಮಂದಿ ಬೇರೆ ಊರಿನಿಂದ ಮದುವೆಯಾಗಿ ಬಂದವರು. ಹೊಸ ಜಾಗದಲ್ಲಿ ಮೊದಲ ದಿನ ಹೇಗಿರುತ್ತದೆ ಅಂತ ಅವರಿಗೆ ಗೊತ್ತು. ಆರಿಸಲು ನಾನು ಕೇಳುವ ಒಂದು ಪ್ರಶ್ನೆ ಇದೆ, ಅದು ನನ್ನ ಹತ್ತಿರವೇ ಇರಲಿ. ಕೂರುವುದು ಬಲಗಡೆಯ ನಾಲ್ಕು ಅಥವಾ ಐದನೇ ಬೆಂಚು. ಮುಂದೆ ಕೂರಿಸಿದರೆ ನೋಡಿ ಕಲಿಯಲು ಎದುರಿಗೆ ಯಾರೂ ಇರುವುದಿಲ್ಲ. ಹಿಂದೆ ಕೂರಿಸಿದರೆ ಬಾಗಿಲು ಕರೆಯುತ್ತದೆ. ಹೊಸಬರಿಗೂ ಇವರಿಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಡಬೇಕು. ಏಳುವಾಗ ಎಲ್ಲರಿಗಿಂತ ಅರ್ಧ ಕ್ಷಣ ಮೊದಲೇ ಏಳಬೇಕು. ಮೊಣಕಾಲೂರುವಾಗ ಹೊಸಬರ ಕಡೆ ನೋಡಲೇಬಾರದು. ಅವರು ಕೂತೇ ಇದ್ದರೆ ಕೂತೇ ಇರಲಿ.

ಮಾತಾಡುವುದು ಎರಡೇ ಸಲ. ಕಾಣಿಕೆ ಚೀಲ ಬರುವ ಮುಂಚೆ, "ನೀವು ಹಾಕಬೇಕಂತಿಲ್ಲ, ಮುಂದೆ ದಾಟಿಸಿ" ಅಂತ. ಚೀಲ ನೋಡಿದ ಕೂಡಲೇ ಪರ್ಸ್ ತಡಕಾಡಿ ಬೆವರುವವರನ್ನು ಎಷ್ಟು ಮಂದಿ ನೋಡಿದ್ದೇನೆ. ಎರಡನೆಯದು ಪರಲೋಕ ಪ್ರಾರ್ಥನೆ ಮುಗಿದು, ಪರಸ್ಪರ ಶಾಂತಿ ಕೋರಿ ಕೈ ಮುಗಿಯುವಾಗ. ಆಗ ಹೇಗೂ ತಿರುಗಿ ಮುಖ ನೋಡುತ್ತೇವಲ್ಲ, ಅದೇ ಸಮಯ. ನಮ್ಮ ಕಡೆ ಹೊಸಬರು ಕೈ ಮುಗಿದ ಕೂಡಲೇ ಹಗುರವಾಗುತ್ತಾರೆ, ಇದು ತಮಗೆ ಗೊತ್ತಿರುವುದೇ ಅಂತ. ಆ ಹೊತ್ತಿಗೆ ಒಂದೇ ವಾಕ್ಯ ಹೇಳುವುದು. ಎದೆಯ ಮೇಲೆ ಎರಡೂ ಕೈ ಅಡ್ಡವಾಗಿಟ್ಟುಕೊಂಡು ಸಾಲಿನಲ್ಲಿ ಬಂದರೆ ಫಾದರ್ ಆಶೀರ್ವಾದ ಕೊಡುತ್ತಾರೆ, ಕೂತೇ ಇದ್ದರೂ ಚಂದವೇ ಅನ್ನುವುದು ಅದರ ಅರ್ಥ. ನಿಜವಾದ ಶಬ್ದಗಳು ಬೇರೆ, ಅವನ್ನು ಕೂಡಿಸಲು ನನಗೆ ಆರು ತಿಂಗಳು ಹಿಡಿಯಿತು. ಬರೆದುಕೊಟ್ಟರೆ ಗಿಳಿಪಾಠವಾಗುತ್ತದೆ. ನಿಮ್ಮ ಊರಿನ ಮಾತಿನಲ್ಲಿ ನೀವೇ ಕೂಡಿಸಿ. "ಇಲ್ಲ" ಮತ್ತು "ಬಾರದು" ಅದರಲ್ಲಿ ಇರಕೂಡದು, ಅಷ್ಟು ಹೇಳಬಲ್ಲೆ.

ಜೊತೆಗೆ ಒಂದು ಕಾರ್ಡ್. ಅಂಗೈಗಿಂತ ಸ್ವಲ್ಪ ದೊಡ್ಡದು, ಒಂದೇ ಮಗ್ಗುಲು, ಆರು ಸಾಲು. ಒಂದು ಗಂಟೆ ಐದು ನಿಮಿಷ ಹಿಡಿಯುತ್ತದೆ. ಮೂರು ವಾಚನ, ಒಂದು ಪ್ರಬೋಧನೆ. ಎಲ್ಲರೂ ಎದ್ದಾಗ ಏಳಿ, ಸುಸ್ತಾದರೆ ಕೂರಿ. ಫೋಟೋ ಪೂಜೆ ಮುಗಿದ ಮೇಲೆ. ಮಗು ಅತ್ತರೆ ಅಳಲಿ, ಹೊರಗೆ ಕರೆದುಕೊಂಡು ಹೋಗಬೇಕಂತಿಲ್ಲ. ಮುಗಿದ ಮೇಲೆ ಚಹಾಕ್ಕೆ ನಿಲ್ಲಿ. ಐವತ್ತು ಕಾರ್ಡಿಗೆ ಲ್ಯಾಮಿನೇಷನ್ ಸೇರಿ ಸಾವಿರದ ಆಸುಪಾಸು. ಮೊದಲ ಸಲ ಹೊಳಪಿನ ಲ್ಯಾಮಿನೇಷನ್ ಮಾಡಿಸಿ ಕೆಟ್ಟೆ, ಟ್ಯೂಬ್‌ಲೈಟಿನ ಬೆಳಕಿಗೆ ಅಕ್ಷರವೇ ಕಾಣಲಿಲ್ಲ. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ. ಇಲ್ಲದಿದ್ದರೆ ಮಕ್ಕಳಿಗೆ ಚುಚ್ಚುತ್ತದೆ, ಚುಚ್ಚಿದೆ.

ಎಲ್ಲ ಹೊಸಬರೂ ಒಂದೇ ತರಹ ಅಲ್ಲ ಅನ್ನುವುದೂ ನೆನಪಿರಲಿ. ಕೇರಳದ ಸೀರೋ ಮಲಬಾರ್ ಕುಟುಂಬಗಳು ಕಥೋಲಿಕರೇ, ಪರಮ ಪ್ರಸಾದ ತೆಗೆದುಕೊಳ್ಳುತ್ತಾರೆ. ಅವರ ಕ್ರಮದಲ್ಲಿ ಶಾಂತಿ ಕೋರುವುದು ನಮಗಿಂತ ಮುಂಚೆ ಬರುತ್ತದೆ, ಅಲ್ಲಿ ಸ್ವಲ್ಪ ಗಲಿಬಿಲಿಯಾಗುತ್ತದೆ, ಅಷ್ಟೇ. ಪ್ರೊಟೆಸ್ಟೆಂಟ್ ಬಂಧುಗಳ ಹತ್ತಿರ ಮಾತ್ರ ಬಾಗಿಲಲ್ಲೇ ನಾನೇ ಮಾತಾಡುತ್ತೇನೆ. ತಮ್ಮ ಸಭೆಯಲ್ಲಿ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುವವರು ಅವರು, ಸಾಲಿನಲ್ಲಿ ತಡೆದರೆ ನೋವು ದೊಡ್ಡದು. ಶುಭ ಶುಕ್ರವಾರ (ಗುಡ್ ಫ್ರೈಡೇ) ಬರುವವರಿಗೆ ಇನ್ನೊಂದು ಮಾತು ಬೇಕು. ಅವತ್ತು ಪೂಜೆಯೇ ಇಲ್ಲ, ಗಂಟೆ ಬಾರಿಸುವುದಿಲ್ಲ, ಯೇಸುವಿನ ಮರಣದ ದುಃಖದ ದಿನ. ಎಷ್ಟೋ ಮಂದಿ ಪ್ರೀತಿಯಿಂದ ಶುಭಾಶಯ ಹೇಳಿ ಕೈ ಕುಲುಕುತ್ತಾರೆ. ನಾನು ತಿದ್ದುವುದಿಲ್ಲ. ಕೈ ಹಿಡಿದುಕೊಂಡು, ಭಾನುವಾರ ಈಸ್ಟರ್, ಅವತ್ತು ಬನ್ನಿ, ಆಗ ಹೇಳುವಿರಂತೆ ಅನ್ನುತ್ತೇನೆ. ಕೆಲವರು ನಿಜಕ್ಕೂ ಬಂದಿದ್ದಾರೆ.

ಚಪ್ಪಲಿಯ ಕಥೆ ಬೇರೆ. ಹೊಸಬರು ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟು ಬರುತ್ತಾರೆ. ಒಳಗೆ ನೋಡಿದರೆ ನಮ್ಮವರೆಲ್ಲ ಬೂಟಿನಲ್ಲಿ. ಆಗ ಅವರ ಮುಖ ನೋಡಬೇಕು, ತಪ್ಪು ಮಾಡಿದವರ ಹಾಗೆ. ಒಂದು ಸ್ಟ್ಯಾಂಡ್ ಮಾಡಿಸಿ ಇಟ್ಟೆ, ಎರಡು ಸಾವಿರದ ಚಿಲ್ಲರೆ. ಯಾರಿಗೂ ಹೇಳಲಿಲ್ಲ, ನಾನೊಬ್ಬ ಚಪ್ಪಲಿ ಬಿಡತೊಡಗಿದೆ. ಇದೇನು ಹೊಸ ಪದ್ಧತಿ ಅಂತ ಗೊಣಗಿದವರಿಗೆ, 1969ರಲ್ಲೇ ಭಾರತದ ಪೂಜೆಗೆ ರೋಮ್ ಒಪ್ಪಿದ ಹನ್ನೆರಡು ಅಂಶಗಳಲ್ಲಿ ಪಾದರಕ್ಷೆ ಬಿಡುವುದೂ ಇದೆ, ಕೈ ಮುಗಿದು ಶಾಂತಿ ಕೋರುವುದೂ ಇದೆ ಅಂತ ಹೇಳಿದೆ. ಈಗ ಅರ್ಧಕ್ಕರ್ಧ ಜನ ಬಿಡುತ್ತಾರೆ. ಸ್ಟ್ಯಾಂಡ್ ಸಾಲುತ್ತಿಲ್ಲ.

ಎಲ್ಲಕ್ಕಿಂತ ಜಾಸ್ತಿ ಜಗಳ ಆದದ್ದು ಬಾಳೆಹಣ್ಣಿಗೆ. ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಬುಟ್ಟಿ ಇಟ್ಟು ಎಲ್ಲರಿಗೂ ಒಂದೊಂದು ಏಲಕ್ಕಿ ಬಾಳೆ ಕೊಡೋಣ ಅಂದೆ. ನನ್ನ ಮನಸ್ಸಿನಲ್ಲಿದ್ದದ್ದು ಅಣ್ಣನ ಆ ಬರಿಗೈ. ಜನ ಇದನ್ನೇ ಪರಮ ಪ್ರಸಾದ ಅಂದುಕೊಳ್ಳುತ್ತಾರೆ, ಗೊಂದಲವಾಗುತ್ತದೆ ಅಂತ ವಿರೋಧ ಬಂತು. ಜೂನ್ 13ಕ್ಕೆ ಸಂತ ಅಂತೋನಿಯವರ ಹಬ್ಬದಲ್ಲಿ ರೊಟ್ಟಿ ಆಶೀರ್ವದಿಸಿ ಹಂಚುತ್ತೇವಲ್ಲ, ಅದರಿಂದ ಯಾರಿಗೆ ಗೊಂದಲ ಆಗಿದೆ ಅಂತ ಕೇಳಿದೆ. ಕೊನೆಗೆ ಫಾದರ್, ಒಳಗೆ ಬೇಡ, ಚಹಾದ ಮೇಜಿನ ಹತ್ತಿರ ಇಡಿ ಅಂದರು. ಸರಿಯಾದ ತೀರ್ಮಾನ. ವಾರಕ್ಕೆ ಐನೂರರಿಂದ ಏಳುನೂರು ರೂಪಾಯಿ. ಶ್ರಾವಣದಲ್ಲಿ ಬೆಲೆ ಏರುತ್ತದೆ, ಆಗ ಬನ್ಸ್ ಮಾಡಿಸುತ್ತೇವೆ. ಏಪ್ರಿಲ್ ಮೇ ಸೆಕೆಗೆ ಚಹಾ ಬಿಟ್ಟು ಮುರುಗಲು ಪಾನಕ. ಖರ್ಚನ್ನು ಈಗ ಮನೆಗಳೇ ಸರದಿಯಲ್ಲಿ ಹೊರುತ್ತವೆ. ಮದುವೆ ಮನೆಯಾ ಅಂತ ಕೇಳಿದ ಹಿರಿಯರದು ನವೆಂಬರಿನ ಎರಡು ವಾರ.

ಹೋದ ಸೆಪ್ಟೆಂಬರ್ 8, ಮೊಂತಿ ಹಬ್ಬ. ಹೊಸ ತೆನೆ ಆಶೀರ್ವದಿಸುವ ದಿನ. ಕದಿರು ಕಟ್ಟುವುದು ನಮ್ಮ ಹಿಂದೂ ನೆರೆಯವರಿಗೂ ಗೊತ್ತಿರುವ ಹಬ್ಬವೇ. ಆ ವರ್ಷ ನನ್ನ ಗದ್ದೆಗೆ ನೀರು ನುಗ್ಗಿ ತೆನೆ ಸರಿ ಬಂದಿರಲಿಲ್ಲ. ಹಿಂದಿನ ಸಂಜೆ ಅಣ್ಣನ ಹತ್ತಿರ ಹೋಗಿ, ಇಗರ್ಜಿಗೆ ನಿಮ್ಮ ಗದ್ದೆಯ ತೆನೆ ಕೊಡುತ್ತೀರಾ ಅಂತ ಕೇಳಿದೆ. ಅವರ ಅಂಗಳದಲ್ಲೇ ಕೂತು, ನಾಳೆ ಒಳಗೆ ಏನೇನು ನಡೆಯುತ್ತದೆ ಅಂತ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವತ್ತಿನ ತಪ್ಪು ನನ್ನದು ಅಂತಲೂ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತಾ, "ಆಯ್ತು ಮಾರಾಯ, ತೆನೆ ನಾನೇ ತರ್ತೆ" ಅಂದರು.

ತಂದರು. ದೊಡ್ಡ ಕಟ್ಟು, ಬಾಳೆನಾರಿನಲ್ಲಿ ಬಿಗಿದದ್ದು. ಐದನೇ ಬೆಂಚಿನಲ್ಲಿ ಕೂತರು, ಪಕ್ಕ ನನ್ನ ಹೆಂಡತಿ. ಸಾಲು ಹೊರಟಾಗ ಅವಳು ಬಾಯಿ ತೆರೆಯುವ ಮುಂಚೆಯೇ ಎದ್ದು, ಎದೆಯ ಮೇಲೆ ಕೈ ಕಟ್ಟಿಕೊಂಡು ನಡೆದರು. ಫಾದರ್ ತಲೆಯ ಮೇಲೆ ಕೈ ಇಟ್ಟರು. ಹೊರಗೆ ಬಂದವರು ಎರಡು ಬಾಳೆಹಣ್ಣು ತೆಗೆದುಕೊಂಡರು, ಒಂದು ಮೊಮ್ಮಗಳಿಗೆ ಅಂತ.

ಐವತ್ತು ಕಾರ್ಡಿನಲ್ಲಿ ಈಗ ಮೂವತ್ತೊಂದು ಉಳಿದಿವೆ, ಮಿಕ್ಕವು ಯಾರ ಯಾರ ಚೀಲದಲ್ಲೋ ಹೋದವು. ಕ್ರಿಸ್ಮಸ್ ಒಳಗೆ ಇನ್ನೂ ನಲವತ್ತು ಮಾಡಿಸಬೇಕು. ಈ ಸಲ ಅಕ್ಷರ ಸ್ವಲ್ಪ ದೊಡ್ಡದು. ಕನ್ನಡಕ ಮರೆತು ಬರುವವರೇ ಜಾಸ್ತಿ.