ಹ್ಯಾಂಗರ್ ಕಟ್ಟುವ ಮುನ್ನ ಇಸವಿ ನೋಡಿ

ಒಂದು ಕಂಪ್ಯೂಟರ್ ಆಟಕ್ಕಾಗಿ ನಾನು ಮೊದಲು ಮಾಡಿದ ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ಶೆಡ್, ಒಳಗೆ ಸ್ಪಿಟ್‌ಫೈರ್ ಎಂಬ ಬ್ರಿಟಿಷ್ ಯುದ್ಧವಿಮಾನ ನಿಲ್ಲಿಸಿದರೆ ಅಂಗಳದಲ್ಲಿ ಕೂತ ಮಿಡತೆಯಂತೆ ಕಾಣುತ್ತಿತ್ತು. ಅಡಿಯಲ್ಲಿದ್ದ ಅಳತೆಯನ್ನು ಮೀಟರ್ ಅಂದುಕೊಂಡು ಹಾಕಿದ್ದೆ. ಮೂರು ಸಂಜೆಯ ಕೆಲಸ ನೀರಲ್ಲಿ ಹೋಮ.

ಆಟ ‘ಐಎಲ್-2 ಸ್ಟರ್ಮೋವಿಕ್’, ಎರಡನೇ ಮಹಾಯುದ್ಧದ ವಿಮಾನ ಹಾರಿಸುವ ಆಟ. 2001ರಲ್ಲಿ ಬಂತು, ಅದರ ‘1946’ ಆವೃತ್ತಿ 2006ರಲ್ಲಿ. ಇಷ್ಟು ಹಳೆಯದಾದರೂ ಜನ ಇದನ್ನು ಬಿಟ್ಟಿಲ್ಲ. ಮಾಡ್‌ಗಳ, ಅಂದರೆ ಆಟಗಾರರೇ ಮಾಡಿ ಸೇರಿಸುವ ಫೈಲುಗಳ, ಮೂಲಕ ನಮ್ಮದೇ ವಸ್ತುಗಳನ್ನು ಇದರೊಳಗೆ ತುಂಬಬಹುದು ಅನ್ನುವುದು ಅದಕ್ಕೆ ದೊಡ್ಡ ಕಾರಣ. ಏರ್‌ಫೀಲ್ಡ್‌ಗೆ ಒಂದು ಹೊಸ ಕಟ್ಟಡ ಸೇರಿಸುವುದು ಹೇಗೆ ಎಂದು ನೋಡೋಣ.

ಮೊದಲು ಇಸವಿ

ಮಾಡೆಲ್ ಮಾಡುವ ಸಾಫ್ಟ್‌ವೇರ್ ತೆರೆಯುವ ಮೊದಲು ನಿಮ್ಮ ದೃಶ್ಯ ಯಾವ ವರ್ಷದ್ದು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟೋ ಚಂದದ ಮಿಷನ್‌ಗಳು (ಆಟದಲ್ಲಿ ಹಾರಿ ಆಡುವ ಸನ್ನಿವೇಶಗಳು) ಹಾಳಾಗುವುದು ಇಲ್ಲೇ. 1940ರ ಬೇಸಿಗೆಯ ಇಂಗ್ಲೆಂಡ್ ಎಂದು ಹೇಳಿ, ತ್ರಿಕೋನದಂತೆ ಒಂದನ್ನೊಂದು ಕತ್ತರಿಸುವ ಮೂರು ಕಾಂಕ್ರೀಟ್ ರನ್‌ವೇ ಹಾಕಿರುತ್ತಾರೆ. ಮುಖ್ಯ ರನ್‌ವೇ 2,000 ಗಜ, ಉಳಿದೆರಡು 1,400 ಗಜ ಎಂಬ ಆ ಮಾದರಿ ಬ್ರಿಟನ್‌ನಲ್ಲಿ ನೆಲೆಯಾದದ್ದು 1942ರ ಹೊತ್ತಿಗೆ, ಭಾರಿ ಬಾಂಬರ್‌ಗಳಿಗಾಗಿ. 1940ರಲ್ಲಿ ಡಕ್ಸ್‌ಫರ್ಡ್, ಹಾರ್ನ್‌ಚರ್ಚ್ ಎರಡೂ ಹುಲ್ಲಿನ ಮೈದಾನಗಳು. ಕೆನ್ಲಿ, ಬಿಗಿನ್ ಹಿಲ್‌ನಂಥ ಕೆಲವು ಕಡೆ ಮಾತ್ರ ಗಟ್ಟಿ ರನ್‌ವೇ ಇತ್ತು.

ಹ್ಯಾಂಗರ್ ಕಥೆಯೂ ಅದೇ. ಟಿ-2 ಎಂಬ ಉದ್ದನೆಯ ಹ್ಯಾಂಗರ್ ಸುಮಾರು 240 ಅಡಿ ಉದ್ದ, 115 ಅಡಿ ಅಗಲ. ಅದು ಯುದ್ಧದ ನಡುವಿನ ವರ್ಷಗಳದ್ದು. 1940ಕ್ಕೆ ಬೇಕಾದರೆ ಬೆಲ್‌ಮನ್ ಹ್ಯಾಂಗರ್ ಸರಿ. ಸುಮಾರು 175 ಅಡಿ ಉದ್ದ, 95 ಅಡಿ ಅಗಲ, ಅಂದರೆ 53 ಮೀಟರ್‌ಗೆ 29 ಮೀಟರ್. ಆಟದ ಲೆಕ್ಕವೆಲ್ಲ ಮೀಟರ್‌ನಲ್ಲಿ. ಅಡಿಯನ್ನು 3.28ರಿಂದ ಭಾಗಿಸಿ, ನನ್ನ ಹಾಗೆ ಮಾಡಬೇಡಿ. ಸ್ಪಿಟ್‌ಫೈರ್‌ನ ರೆಕ್ಕೆಯಗಲ 11.23 ಮೀಟರ್. ಆ ಅಗಲದ ಒಂದು ಪಟ್ಟಿಯನ್ನು ಮಾಡೆಲ್ ಪಕ್ಕದಲ್ಲಿ ಇಟ್ಟುಕೊಂಡರೆ ತಪ್ಪು ಕಣ್ಣಿಗೇ ಹೊಡೆಯುತ್ತದೆ.

ಮೊದಲ ಪ್ರಯತ್ನಕ್ಕೆ ಹ್ಯಾಂಗರ್ ಬೇಡವೇ ಬೇಡ ಎನ್ನುತ್ತೇನೆ. ನಿಸೆನ್ ಗುಡಿಸಲು ಸಾಕು. 1916ರಲ್ಲಿ ಮೇಜರ್ ಪೀಟರ್ ನಿಸೆನ್ ರೂಪಿಸಿದ, ಬಾಗಿದ ತಗಡಿನ ಅರೆವೃತ್ತದ ಮನೆ ಅದು. 16 ಅಡಿ ಅಗಲದ್ದು ತುಂಬ ಸಾಮಾನ್ಯ. ಅರ್ಧ ಪೈಪು, ಎರಡು ಗೋಡೆ, ಒಂದು ಬಾಗಿಲು, ಮುಗಿಯಿತು.

ಮಾಡೆಲ್

ಬ್ಲೆಂಡರ್ ಅಥವಾ ತ್ರೀಡಿಎಸ್ ಮ್ಯಾಕ್ಸ್ ಎಂಬ ಮಾಡೆಲಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಡಿ, ಮಾಡರ್‌ಗಳ ಉಪಕರಣಗಳಿಂದ ಆಟದ ಎಂಎಸ್‌ಎಚ್ ಫೈಲಾಗಿ ಬದಲಿಸಬೇಕು. ಅದರಲ್ಲಿ ಕಣ್ಣಿಗೆ ಕಾಣುವ ರೂಪದ ಜೊತೆಗೆ ನೆರಳಿನ ರೂಪ, ಡಿಕ್ಕಿಯ ರೂಪ ಬೇರೆಬೇರೆ ಇರುತ್ತವೆ. ಡಿಕ್ಕಿಯದನ್ನು ಮರೆತರೆ ವಿಮಾನ ಗೋಡೆಯೊಳಗಿಂದ ದೆವ್ವದ ಹಾಗೆ ತೂರಿ ಹೋಗುತ್ತದೆ. ದೂರಕ್ಕೆ ಹೋದಂತೆ ಸರಳವಾಗುವ ಎರಡು ಮೂರು ರೂಪಗಳನ್ನೂ ಕೊಡಿ. ಬಣ್ಣದ ಚಿತ್ರ ಟಿಜಿಎ ಫೈಲಿನಲ್ಲಿ, 256, 512, 1024 ಹೀಗೆ ದುಪ್ಪಟ್ಟಾಗುವ ಅಳತೆಯಲ್ಲಿರಲಿ.

ಒಂದು ಸಣ್ಣ ಗುಟ್ಟು: ಗೋಡೆಯನ್ನು ನೆಲದ ಮಟ್ಟಕ್ಕೇ ನಿಲ್ಲಿಸಬೇಡಿ, ಒಂದೆರಡು ಮೀಟರ್ ಕೆಳಗೂ ಎಳೆಯಿರಿ. ಇಳಿಜಾರಿನಲ್ಲಿಟ್ಟಾಗ ಮನೆಯ ಒಂದು ಮೂಲೆ ಗಾಳಿಯಲ್ಲಿ ತೇಲುವುದಿಲ್ಲ.

ಆಟಕ್ಕೆ ಪರಿಚಯ ಮಾಡಿಸುವುದು

ಜಾಸ್ತಿ ಜನ ಸೋತು ಕೈಬಿಡುವುದು ಈ ಹಂತದಲ್ಲಿ. ಮಾಡೆಲ್ ಫೋಲ್ಡರ್‌ನಲ್ಲಿ ಸುಮ್ನೆ ಇದ್ದರೆ ಆಟಕ್ಕೆ ಅದು ಗೊತ್ತೇ ಇರುವುದಿಲ್ಲ. ಅದರ ಹೆಸರು ಸ್ಟ್ಯಾಟಿಕ್ ಡಾಟ್ ಐಎನ್‌ಐ ಎಂಬ ಪಟ್ಟಿಗೆ ಸೇರಬೇಕು. ಮಾಡೆಲ್ ಎಲ್ಲಿದೆ, ಕಟ್ಟಡ ಯಾವುದರಿಂದ ಆಗಿದೆ, ಎಷ್ಟು ಪೆಟ್ಟು ತಡೆಯುತ್ತದೆ ಎಂದು ಆಟಕ್ಕೆ ಹೇಳುವುದು ಅದೇ. ಹೊಸದಾಗಿ ಬರೆಯಲು ಹೋಗಬೇಡಿ. ನಿಮ್ಮದನ್ನು ಹೋಲುವ ಕಟ್ಟಡದ ನಮೂದನ್ನು ಕಾಪಿ ಮಾಡಿ ಹೆಸರು ಮತ್ತು ದಾರಿ ಎರಡನ್ನೇ ಬದಲಿಸಿ. ಹೆಸರು ಬೇರೆ ಯಾರಿಗೂ ಇಲ್ಲದ್ದಾಗಿರಲಿ.

ತೊಡಕು ಏನೆಂದರೆ, ಹಲವು ಮಾಡ್‌ಗಳು ತಮ್ಮದೇ ಸ್ಟ್ಯಾಟಿಕ್ ಡಾಟ್ ಐಎನ್‌ಐ ಹೊತ್ತು ತರುತ್ತವೆ. ಆಟ ಓದುವುದು ಒಂದನ್ನು ಮಾತ್ರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಪರಿಸ್ಥಿತಿ. ಸಾಮಾನ್ಯವಾಗಿ ಅಕ್ಷರ ಕ್ರಮದಲ್ಲಿ ಮೊದಲು ಬರುವ ಫೋಲ್ಡರ್ ಗೆಲ್ಲುತ್ತದೆ. ಅದಕ್ಕೇ ಕೆಲವರು ಫೋಲ್ಡರ್ ಹೆಸರಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕುತ್ತಾರೆ. ಆದರೆ ಅದರಿಂದ ನಿಮ್ಮ ಗುಡಿಸಲು ಕಂಡು ಬೇರೆಯವರ ನೂರು ಕಟ್ಟಡ ಮಾಯವಾಗಬಹುದು! ಸರಿಯಾದ ದಾರಿ ಬೇಸರದ್ದು. ಈಗ ಗೆಲ್ಲುತ್ತಿರುವ ಪಟ್ಟಿಯನ್ನು ಹುಡುಕಿ, ಬ್ಯಾಕಪ್ ಇಟ್ಟು, ನಿಮ್ಮ ಸಾಲುಗಳನ್ನು ಅದರ ಕೊನೆಗೆ ಸೇರಿಸುವುದು. ಮಾಡ್‌ಗಳನ್ನು ಹಾಕಲು, ತೆಗೆಯಲು ಜೆಎಸ್‌ಜಿಎಂಇ ಎಂಬ ಪುಟ್ಟ ಉಪಕರಣವಿದೆ. ಹಳೆಯ ಫೈಲನ್ನು ಅದೇ ಕಾಪಾಡಿಟ್ಟು, ಮಾಡ್ ತೆಗೆದಾಗ ವಾಪಸ್ ಹಾಕುತ್ತದೆ.

ಕೂರಿಸುವುದು

ಆಟದಲ್ಲೇ ಇರುವ, ಮಿಷನ್ ಕಟ್ಟುವ ಫುಲ್ ಮಿಷನ್ ಬಿಲ್ಡರ್ ತೆರೆದರೆ ವಸ್ತುಗಳ ಪಟ್ಟಿಯಲ್ಲಿ ನಿಮ್ಮ ಗುಡಿಸಲು ಕಾಣಬೇಕು. ಒಂದನ್ನು ಇಟ್ಟು ಸೇವ್ ಮಾಡಿ. ಆಮೇಲೆ ಮಿಷನ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಅದು ಬರೀ ಪಠ್ಯ. ಬಿಲ್ಡಿಂಗ್ಸ್ ವಿಭಾಗದಲ್ಲಿ ಒಂದು ಕಟ್ಟಡಕ್ಕೆ ಒಂದು ಸಾಲು: ಗುರುತು, ಹೆಸರು, ಒಂದು ಅಂಕಿ, ನಕ್ಷೆಯ ಮೇಲಿನ ಎರಡು ಅಳತೆ, ತಿರುಗಿದ ಕೋನ. ಎಂಟು ಗುಡಿಸಲಿನ ಸಾಲು ಬೇಕೇ? ಮೌಸ್ ಹಿಡಿದು ಎಳೆದಾಡುವುದಕ್ಕಿಂತ ಇಲ್ಲಿ ಗುರುತು ಬದಲಿಸಿ, ಅಳತೆಗೆ ಹತ್ತು ಹತ್ತು ಮೀಟರ್ ಕೂಡಿಸುತ್ತ ಹೋಗುವುದು ಸುಲಭ.

ಹೆಸರಿನ ನಂತರದ ಆ ಅಂಕಿ ನನಗೆ ಬಹಳ ಇಷ್ಟ. 1 ಇದ್ದರೆ ಕಟ್ಟಡ ನೆಟ್ಟಗಿದೆ, 0 ಹಾಕಿದರೆ ಆಗಲೇ ಮುರಿದು ಬಿದ್ದಿದೆ. 1940ರ ಆಗಸ್ಟ್ 18ರ ದಾಳಿಯಲ್ಲಿ ಕೆನ್ಲಿಯ ನಾಲ್ಕು ಹ್ಯಾಂಗರ್‌ಗಳಲ್ಲಿ ಮೂರು ನಾಶವಾದವು. ಮರುದಿನದ ಮಿಷನ್ ಮಾಡುವುದಾದರೆ ಮೂರು ಸಾಲಿನಲ್ಲಿ ಸೊನ್ನೆ ಹಾಕಿ, ಕಥೆ ತಾನೇ ಬದಲಾಗುತ್ತದೆ.

ವಿಮಾನಗಳನ್ನು ಒಂದೇ ಸಾಲಿನಲ್ಲಿ ಜೋಡಿಸಬೇಡಿ. ಒಂದೇ ದಾಳಿಗೆ ಎಲ್ಲವೂ ಹೋಗದಿರಲಿ ಎಂದೇ ಅವನ್ನು ಮೈದಾನದ ಅಂಚಿನುದ್ದಕ್ಕೂ ಚದುರಿಸುತ್ತಿದ್ದರು. ಇಂಗ್ಲಿಷಿನ ‘ಇ’ ಅಕ್ಷರದ ಆಕಾರದ ಮಣ್ಣಿನ ದಿಬ್ಬದ ನಡುವೆ ಎರಡು ಫೈಟರ್ ನಿಲ್ಲುತ್ತಿದ್ದವು. ಕೆನ್ಲಿಯಲ್ಲಿ ಅಂಥವು ಇಂದಿಗೂ ಉಳಿದಿವೆ.

ಕಂಪ್ಯೂಟರ್ ಓಡಿಸುವ ವಿಮಾನಕ್ಕೆ ನಿಮ್ಮ ಹೊಸ ಕಟ್ಟಡ ಕಾಣುವುದಿಲ್ಲ ಅನ್ನುವುದು ನೆನಪಿರಲಿ. ಅದು ನಕ್ಷೆಯಲ್ಲಿ ಮೊದಲೇ ಬರೆದ ಟ್ಯಾಕ್ಸಿ ದಾರಿಯಲ್ಲೇ, ಅಂದರೆ ವಿಮಾನ ನೆಲದ ಮೇಲೆ ಉರುಳುವ ದಾರಿಯಲ್ಲೇ, ಹೋಗುತ್ತದೆ. ನಡುವೆ ಇಂಧನದ ಡ್ರಮ್ ಇಟ್ಟಿದ್ದರೆ ನೇರ ಗುದ್ದುತ್ತದೆ. ಹಾಗಾಗಿ ಏನೂ ಇಡುವ ಮೊದಲು ನಾಲ್ಕು ವಿಮಾನ ಏರಿ ಇಳಿಯುವ ಒಂದು ಖಾಲಿ ಮಿಷನ್ ಓಡಿಸಿ, ಚಕ್ರ ಎಲ್ಲೆಲ್ಲಿ ಉರುಳುತ್ತದೆ ಎಂದು ನೋಡಿಕೊಳ್ಳಿ. ಇಳಿದ ಮೇಲೆ ಅವು ನಿಲ್ಲುವ ಜಾಗವನ್ನೂ ಗುರುತು ಮಾಡಿ.

ಕೊನೆಗೆ ಪರೀಕ್ಷೆ. ಕಾನ್ಫ್ ಡಾಟ್ ಐಎನ್‌ಐ ಫೈಲಿನ ಕನ್ಸೋಲ್ ವಿಭಾಗದಲ್ಲಿ ಲಾಗ್ ಎಂಬುದನ್ನು 1 ಮಾಡಿ. ಮಿಷನ್ ಅರ್ಧಕ್ಕೆ ನಿಂತರೆ ಲಾಗ್ ಡಾಟ್ ಎಲ್‌ಎಸ್‌ಟಿ ತೆರೆದು ನೋಡಿ. ತಪ್ಪು ಹೆಸರು, ಸಿಗದ ಬಣ್ಣದ ಫೈಲು ಅಲ್ಲೇ ಕಾಣುತ್ತದೆ. ಗೆಳೆಯರಿಗೆ ಮಿಷನ್ ಕಳಿಸುವಾಗ ಮಾಡೆಲ್ ಫೋಲ್ಡರ್ ಜೊತೆಗೆ ಪಟ್ಟಿಗೆ ಸೇರಿಸಿದ ಸಾಲುಗಳನ್ನಷ್ಟೇ ಬೇರೆ ಪಠ್ಯ ಫೈಲಿನಲ್ಲಿ ಕೊಡಿ. ಪೂರ್ತಿ ಪಟ್ಟಿ ಕೊಟ್ಟರೆ ಅವರ ಆಟದ ಕಟ್ಟಡಗಳು ಮಾಯವಾಗುತ್ತವೆ, ಬೈಗುಳ ನಿಮಗೆ.