ಶಾಮಿಯಾನ ಬಿಚ್ಚಿದ ಮೇಲಿನ ಕೆಲಸ

ದಾವಣಗೆರೆಯಲ್ಲಿ ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಉಜ್ಜೀವನ ಕೂಟಗಳೂ, ಅಂದರೆ ಸೊರಗಿದ ನಂಬಿಕೆಗೆ ಮತ್ತೆ ಜೀವ ತುಂಬಲು ಕ್ರೈಸ್ತ ಸಭೆಗಳು ನಡೆಸುವ ಕೂಟಗಳೂ, ಶುರುವಾಗುತ್ತವೆ. ಶಾಮಿಯಾನ, ಮೈಕ್‌ಸೆಟ್, ಕೀಬೋರ್ಡ್, ಹೊರಗಿನಿಂದ ಬಂದ ಪ್ರಸಂಗಿ, ಮೂರು ರಾತ್ರಿ. ಇದನ್ನೆಲ್ಲ ನಡೆಸೋದು ಹೇಗೆ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನೋದು ಮಾತ್ರ ಎಷ್ಟೋ ಸಭೆಗಳಿಗೆ ತೋಚೋದಿಲ್ಲ.

ನನ್ನದು ಮಂಡಕ್ಕಿ ಭಟ್ಟಿ ಕಡೆ ಒಂದು ಕಿರಾಣಿ ಅಂಗಡಿ. ಸಭೆಯಲ್ಲಿ ಹೆಂಗಸರ ಪ್ರಾರ್ಥನೆ ನಡೆಸುತ್ತೇನೆ, ಉಳಿದ ಹೊತ್ತು ಗಲ್ಲಾಪೆಟ್ಟಿಗೆ ಹಿಂದೆ ಕೂತಿರುತ್ತೇನೆ. ಗಿರಾಕಿಗಳಲ್ಲಿ ಭಟ್ಟಿ ಕೆಲಸದವರು, ಎಪಿಎಂಸಿ ಹಮಾಲರು ಜಾಸ್ತಿ. ಸಭೆಯವರೂ ಇದ್ದಾರೆ. ಹಾಗಾಗಿ ಕೂಟದಲ್ಲಿ ಕೈ ಎತ್ತಿ ಅತ್ತವರು ಯಾರು ಅಂತಲೂ ಗೊತ್ತು, ಉದ್ರಿ ಪುಸ್ತಕದಲ್ಲಿ ಯಾರ ಹೆಸರಿನ ಮುಂದೆ ಎಷ್ಟಿದೆ ಅಂತಲೂ ಗೊತ್ತು. ಉಜ್ಜೀವನ ನಿಜವಾಗಿ ಬಂದಿದೆಯಾ ಅಂತ ನೋಡಬೇಕಾದರೆ ನಾನು ಕಣ್ಣೀರಿಗಿಂತ ಆ ಪುಸ್ತಕವನ್ನೇ ಜಾಸ್ತಿ ನಂಬುತ್ತೇನೆ.

ಮೊದಲು ಶಾಮಿಯಾನಕ್ಕೂ ಮುಂಚಿನ ಮಾತು. ನಾಲ್ಕೈದು ಜನ ಸಾಕು. ವಾರಕ್ಕೊಂದು ಸಲವಾದರೂ ಕೂಡಿ, ಗಂಟಲು ಹರಿಯೋ ಹಾಗೆ ಕೂಗದೆ ಪ್ರಾರ್ಥಿಸಿ. ಬೈಬಲಿನ 85ನೇ ಕೀರ್ತನೆಯಲ್ಲಿ ಭಕ್ತ ಕೇಳೋದು ‘ನಮ್ಮನ್ನು’ ಉಜ್ಜೀವಿಸು ಅಂತ. ಪಕ್ಕದ ಬೀದಿಯ ಕುಡುಕನನ್ನು ಅಂತ ಅಲ್ಲ. ನಮ್ಮ ಗುಂಪಿನಲ್ಲಿ ಒಂದು ಕಟ್ಟುನಿಟ್ಟು ಇದೆ: ಮೊದಲ ಕೆಲವು ವಾರ ಯಾರೂ ಬೇರೆಯವರ ಪಾಪದ ಬಗ್ಗೆ ಪ್ರಾರ್ಥಿಸುವ ಹಾಗಿಲ್ಲ. ಇದು ಕಷ್ಟ. ಅತ್ತೆ, ಸೊಸೆ, ಓಣಿಯವರು ಯಾರೂ ಇಲ್ಲದೆ ಪ್ರಾರ್ಥನೆ ಮಾಡಿ ನೋಡಿ, ಹತ್ತು ನಿಮಿಷಕ್ಕೆ ಮಾತು ಖಾಲಿ!

ಬೇಗ ಆಗಲಿಲ್ಲ ಅಂತ ಕೈ ಬಿಡಬೇಡಿ. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಪುಣೆ ಹತ್ತಿರದ ಕೇಡಗಾಂವದಲ್ಲಿ ವಿಧವೆಯರಿಗೆ, ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಅಂತ ಮುಕ್ತಿ ಆಶ್ರಮ ನಡೆಸಿದರು. 1905ರ ಜನವರಿಯಲ್ಲಿ ಅವರು ಆಶ್ರಮದವರನ್ನು ದಿನಾ ಕೂಡಿ ಪ್ರಾರ್ಥಿಸೋಣ ಬನ್ನಿ ಅಂತ ಕರೆದರು. ಉಜ್ಜೀವನ ಬಂದದ್ದು ಜೂನ್‌ನಲ್ಲಿ. ಆ ಹುಡುಗಿಯರು ಮೊದಲು ಮಾಡಿದ್ದು ತಮ್ಮ ತಮ್ಮ ಪಾಪ ಒಪ್ಪಿಕೊಂಡಿದ್ದು. ಸುತ್ತಲಿನ ಹಳ್ಳಿಗಳಿಗೆ ಗುಂಪು ಗುಂಪಾಗಿ ಸುವಾರ್ತೆ, ಅಂದರೆ ಯೇಸುವಿನ ಶುಭಸುದ್ದಿ, ಹೇಳಲು ಹೋದದ್ದು ಆಮೇಲೆ.

ಇನ್ನು ಕೂಟದಲ್ಲಿ ಮನಸ್ಸು ಕರಗಿದವರ ವಿಷಯ. ಅವತ್ತೇ ಅವರ ಕೈಗೆ ಮೈಕ್ ಕೊಡಬೇಡಿ. ವೇಲ್ಸ್ ದೇಶದಲ್ಲಿ 1904ರಲ್ಲಿ ದೊಡ್ಡ ಉಜ್ಜೀವನ ಆಯಿತಲ್ಲ, ಅದರಲ್ಲಿ ಇವಾನ್ ರಾಬರ್ಟ್ಸ್ ಅನ್ನುವ ಹುಡುಗ ಮುಂದೆ ನಿಂತ. ಗಣಿಯಲ್ಲಿ ದುಡಿದವನು, 26 ವಯಸ್ಸು. ಅವನು ಜನರಿಗೆ ನಾಲ್ಕು ಮಾತು ಹೇಳುತ್ತಿದ್ದ. ಗೊತ್ತಿರುವ ಪಾಪ ಒಪ್ಪಿಕೊಳ್ಳಿ. ಸರಿಯೋ ತಪ್ಪೋ ಅಂತ ಅನುಮಾನ ಇರೋದನ್ನ ಬಿಟ್ಟುಬಿಡಿ. ಪವಿತ್ರಾತ್ಮ ಹೇಳಿದ್ದನ್ನು ತಡಮಾಡದೆ ಮಾಡಿ. ಕ್ರಿಸ್ತನನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಿ. ಬಾಯಿ ಬಿಡೋದು ಕೊನೆಯದು, ನೋಡಿದಿರಾ? ನಾವು ಅದನ್ನೇ ಮೊದಲು ಮಾಡಿಸ್ತೀವಿ. ಅಲ್ಲಿ ಜನ ಹಳೇ ಸಾಲ ತೀರಿಸಿದರು, ಹೆಂಡದಂಗಡಿಗಳಲ್ಲಿ ವ್ಯಾಪಾರ ಬಿತ್ತು. ಗಣಿ ಕೆಲಸದವರು ಬೈಗುಳ ಬಿಟ್ಟಿದ್ದರಿಂದ ಗಾಡಿ ಎಳೆಯುವ ಕುದುರೆಗಳಿಗೆ ಅವರ ಮಾತೇ ತಿಳಿಯದೆ ನಿಂತುಬಿಡುತ್ತಿದ್ದವು ಅಂತ ಕಥೆ ಇದೆ. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಹಾಗಾದರೆ ಲಾರಿಗಳೂ ನಿಲ್ಲಬಹುದು.

ಆದ್ದರಿಂದ ಮೈಕ್ ಬದಲು ಒಂದು ಹಾಳೆ, ಒಂದು ಪೆನ್ನು ಕೊಡಿ. ಯಾರಿಗೆ ಎಷ್ಟು ಕೊಡಬೇಕು, ಯಾರ ಹತ್ತಿರ ಮಾತು ಬಿಟ್ಟಿದ್ದೀರಿ, ಕೇಳದೆ ತಂದಿದ್ದು ಏನು, ಸಂಘದ ಕಂತು ಎಷ್ಟು ಬಾಕಿ. ಅಷ್ಟನ್ನೇ ಬರೆಯಲಿ. ಅದನ್ನು ನೀವು ಓದಬೇಡಿ, ಸಭೆಯಲ್ಲಿ ಓದಿಸಲೇಬೇಡಿ. ನಂಬಿಕೆ ಇರುವ ಒಬ್ಬರ ಹತ್ತಿರ ಕೂತು ಹೇಳಿಕೊಂಡರೆ ಸಾಕು. ಹೆಂಗಸರದ್ದು ಹೆಂಗಸರೇ ಕೇಳಲಿ. ಓಣಿ ತುಂಬಾ ಹರಡಿತು ಅಂದರೆ ಆ ಮನುಷ್ಯ ಮತ್ತೆ ನಿಮ್ಮ ಕಡೆ ತಲೆ ಹಾಕೋದಿಲ್ಲ.

ಬೈಬಲಿನಲ್ಲಿ ಸುಂಕ ವಸೂಲಿಯ ಜಕ್ಕಾಯ, ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕು ಪಟ್ಟು ಕೊಡ್ತೀನಿ ಅಂದ. ಅವನ ಹತ್ತಿರ ಇತ್ತು, ಅಂದ. ನಮ್ಮ ಜನಕ್ಕೆ ಕಂತು ಕಟ್ಟಿ ಕೊಡಬೇಕು.

ಒಂದು ಸಲ ಕೂಟ ಮುಗಿದ ಸೋಮವಾರ ಬೆಳಿಗ್ಗೆ ಒಬ್ಬ ಹಮಾಲಣ್ಣ ಅಂಗಡಿಗೆ ಬಂದ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಚೀಲ ಎತ್ತೋ ಹುಕ್ಕು. “ಯಕ್ಕಾ, ನಂದು ಎಷ್ಟೈತಿ, ಲೆಕ್ಕ ಹಾಕ್ರಿ” ಅಂದ. ಪುಟ ತಿರುಗಿಸಿ ಓದಿದೆ. ಎಣ್ಣೆ, ಸಕ್ಕರೆ, ಚಾಪುಡಿ, ಬೀಡಿ, ಮತ್ತೆ ಬೀಡಿ. 2,000 ರೂಪಾಯಿ ಮೇಲಿತ್ತು. ಅವನು ಅಲ್ಲೇ ನಿಂತ. “ಇದ್ರಾಗೆ ಬರೀದಂಗೆ ಒಯ್ದಿದ್ದೂ ಐತ್ರಿ. ನೀವು ಒಳಗೆ ಹೋದಾಗ ಎರಡು ಕಟ್ಟು ಬೀಡಿ. ಅದನ್ನೂ ಹಚ್ರಿ.” ಹಚ್ಚಿದೆ. ಬಿಡು ಹೋಗಲಿ ಅನ್ನಬಹುದಿತ್ತು. ಆದರೆ ತೀರಿಸಬೇಕು ಅಂತ ಬಂದವನಿಗೆ ತೀರಿಸೋಕೆ ಬಿಡಬೇಕು. ಶನಿವಾರ ಬಟವಾಡೆ ಆದಮೇಲೆ ವಾರಕ್ಕೆ 100 ಅಂತ ಮಾತಾಯಿತು.

ಅವನ ಹೆಂಡತಿ ನಂಬಲೇ ಇಲ್ಲ. ಗಂಡ ಕೂಟದಲ್ಲಿ ಅತ್ತ ಅಂತ ಹೇಳಿದರೆ, “ಕುಡಿದಾಗ್ಲೂ ಅಳ್ತಾನ್ರಿ” ಅಂದಳು. ಸರಿಯಾಗೇ ಹೇಳಿದಳು. ನಡುವೆ ಒಂದು ಶನಿವಾರ ಅವನು ಮತ್ತೆ ಕುಡಿದ. ಹಿರಿಯರಿಬ್ಬರು ಮನೆಗೆ ಹೋದರು, ಬೈಯಲಿಲ್ಲ. ಮುಂದಿನ ಶನಿವಾರದಿಂದ ಒಬ್ಬರು ಯಾರ್ಡಿನ ಗೇಟಿನ ಹತ್ತಿರ ನಿಂತು, ಚಾ ಕುಡಿಸಿ, ಬೇರೆ ದಾರಿಯಲ್ಲಿ ಮನೆವರೆಗೆ ನಡೆದು ಬರುತ್ತಿದ್ದರು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ವರ್ಷಗಟ್ಟಲೆ ದಿನಾ ಕುಡಿದವರು ಒಂದೇ ಸಲಕ್ಕೆ ನಿಲ್ಲಿಸಿದರೆ ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಭ್ರಮೆ ಹಿಡಿಯುತ್ತದೆ. ಅದು ದೆವ್ವ ಅಲ್ಲ. ಜೀವಕ್ಕೇ ಅಪಾಯ ಆಗಬಹುದು. ಕುಡಿತ ನಿಲ್ಲಿಸುವ ಮುಂಚೆಯೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಪ್ರಾರ್ಥನೆಯನ್ನು ಆಸ್ಪತ್ರೆ ಬೆಂಚಿನ ಮೇಲೆ ಕೂತೂ ಮಾಡಬಹುದು.

ವಾರ ವಾರ ಯಾರು ಯಾರನ್ನು ನೋಡಿಕೊಳ್ಳಬೇಕು ಅನ್ನೋದಕ್ಕೆ ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಪಂಥ ಶುರು ಮಾಡಿದ ಬೋಧಕ ಜಾನ್ ವೆಸ್ಲಿಯ ಪದ್ಧತಿ ನನಗೆ ಇಷ್ಟ. 1742ರಲ್ಲಿ ಬ್ರಿಸ್ಟಲ್ ಊರಿನಲ್ಲಿ ಅವರ ಸಭಾಮನೆ ಕಟ್ಟಿದ ಸಾಲ ಇತ್ತು. ಸುಮಾರು ಹನ್ನೆರಡು ಜನಕ್ಕೆ ಒಬ್ಬ ಅಂತ ನೇಮಿಸಿ, ವಾರಕ್ಕೆ ತಲೆಗೆ ಒಂದು ಪೆನ್ನಿ ವಸೂಲಿಗೆ ಮನೆ ಮನೆಗೆ ಕಳಿಸಿದರು. ಹೋದವರಿಗೆ ಮನೆಯೊಳಗಿನ ಜಗಳ, ಕುಡಿತ ಎಲ್ಲ ಕಣ್ಣಿಗೆ ಬಿತ್ತು. ಅಲ್ಲಿಂದಲೇ ವಾರದ ಗುಂಪುಗಳು ಬೆಳೆದವು. ನೀವು ವಸೂಲಿ ಮಾಡಬೇಡಿ, ಆದರೆ ಹೊಸ್ತಿಲು ದಾಟಿ ಒಳಗೆ ಹೋಗಿ. ಭಾನುವಾರ ಬಾಗಿಲಲ್ಲಿ ನಿಂತು “ಸ್ತೋತ್ರ, ಚೆನ್ನಾಗಿದ್ದೀರಾ?” ಅಂದರೆ ಎಲ್ಲರೂ ಚೆನ್ನಾಗೇ ಇರುತ್ತಾರೆ.

ಸುವಾರ್ತೆ ಬರೋದು ಇಲ್ಲಿ. ಹಮಾಲಣ್ಣನ ಉದ್ರಿ ಅರ್ಧ ಇಳಿದ ಮೇಲೆ ಅವನ ಹೆಂಡತಿ ಬಂದು ಪುಸ್ತಕ ತೋರಿಸಿ ಅಂದಳು. ಬೆರಳಿಟ್ಟು ಒಂದೊಂದೇ ಸಾಲು ನೋಡಿದಳು. ಆಮೇಲೆ ಕೇಳಿದಳು, “ನಿಮ್ ಸಭೇಲಿ ಏನ್ ಹೇಳ್ಕೊಡ್ತೀರಿ?” ಅಷ್ಟು ದಿನ ನಾನು ಅವಳಿಗೆ ಒಂದು ಕರಪತ್ರವನ್ನೂ ಕೊಟ್ಟಿರಲಿಲ್ಲ. ಕೇಳಿದವರಿಗೆ ಉತ್ತರ ಕೊಡೋಕೆ ಸಿದ್ಧರಾಗಿರಿ, ಸಾತ್ವಿಕತ್ವದಿಂದ ಕೊಡಿ ಅಂತ ಯೇಸುವಿನ ಶಿಷ್ಯ ಪೇತ್ರ ತನ್ನ ಮೊದಲನೇ ಪತ್ರದಲ್ಲಿ ಬರೆದದ್ದು ಇಂಥ ಹೊತ್ತಿಗೇ.

ಉತ್ತರ ಚಿಕ್ಕದಿರಲಿ. ಯೇಸು ಯಾರು, ನನಗೆ ಏನು ಮಾಡಿದ, ಅಷ್ಟೇ. ಅವರ ಮನೆದೇವರ ಬಗ್ಗೆ ಒಂದು ಅಕ್ಷರ ಹಗುರವಾಗಿ ಆಡಬೇಡಿ. ಅಕ್ಕಿ, ದುಡ್ಡು, ಕೆಲಸ, ಮಕ್ಕಳ ಫೀಸು, ವಾಸಿಯಾಗುತ್ತೆ ಅನ್ನೋ ಗ್ಯಾರಂಟಿ ಯಾವುದನ್ನೂ ಸುವಾರ್ತೆ ಜೊತೆ ಸೇರಿಸಬೇಡಿ. ನನ್ನ ಅಂಗಡಿಯಲ್ಲಿ ಸಭೆಗೆ ಬಂದವರಿಗೆ ಅಂತ ಉದ್ರಿ ಮನ್ನಾ ಇಲ್ಲ, ಬರದವರಿಗೆ ಉದ್ರಿ ಬಂದ್ ಅಂತಲೂ ಇಲ್ಲ. ಸಂವಿಧಾನದ 25ನೇ ವಿಧಿ ಧರ್ಮ ಆಚರಿಸುವ, ಸಾರುವ ಹಕ್ಕು ಕೊಟ್ಟಿದೆ. ಬೇಡ ಅನ್ನುವ ಹಕ್ಕು ಎದುರಿನವರಿಗೂ ಇದೆ. ಬೇಡ ಅಂದರೆ ಚಾ ಕುಡಿದು ಬನ್ನಿ, ಮತ್ತೆ ಪಕ್ಕದ ಮನೆಯವರಾಗೇ ಇರಿ.

ಬರ್ತೀನಿ ಅಂದವರಿಗೆ ಬೈಬಲಿನ ಮಾರ್ಕನ ಸುವಾರ್ತೆ ಅನ್ನೋ ಪುಸ್ತಕದಿಂದ ಶುರು ಮಾಡಿ, ಅದು ಚಿಕ್ಕದು. ಓದು ಬಾರದವರಿಗೆ ಫೋನಿನಲ್ಲಿ ಆಡಿಯೋ ಬೈಬಲ್ ಹಾಕಿಕೊಡಿ. ದೀಕ್ಷಾಸ್ನಾನಕ್ಕೆ, ಅಂದರೆ ಕ್ರಿಸ್ತನ ಸಭೆಗೆ ಸೇರುವ ನೀರಿನ ವಿಧಿಗೆ, ಅವಸರ ಮಾಡಬೇಡಿ, ಮನೆಯವರಿಗೆ ತಿಳಿಯದ ಹಾಗೆ ಅಂತೂ ಬೇಡವೇ ಬೇಡ. ಮನೆಕೂಟದ ಹೊತ್ತನ್ನು ಅವರ ಕೆಲಸ ನೋಡಿಕೊಂಡು ಇಡಿ. ಭಟ್ಟಿಯವರು ನಸುಕಿನಲ್ಲೇ ಕೆಲಸ ಹಿಡಿಯುತ್ತಾರೆ, ಅವರಿಗೆ ರಾತ್ರಿ ಎಂಟರ ಮೇಲೆ ಇಟ್ಟರೆ ಕೂತಲ್ಲೇ ತೂಕಡಿಸುತ್ತಾರೆ. ಸಂಜೆ ಐದೂವರೆಗೆ ಮುಕ್ಕಾಲು ಗಂಟೆ ಸಾಕು. ಹಮಾಲರಿಗೆ ಮೆಕ್ಕೆಜೋಳದ ಸೀಸನ್‌ನಲ್ಲಿ ಕೂಟ ಇಡಲೇಬೇಡಿ, ನೀವೇ ಯಾರ್ಡಿಗೆ ಹೋಗಿ ಮಾತಾಡಿಸಿಕೊಂಡು ಬನ್ನಿ.